ಎಪ್ಪತ್ತಕ್ಕೆ ನಡುಗುವ ಕಾರು

ನಮ್ಮ ಮನೆಯಲ್ಲಿ ಕೆಟ್ಟದ್ದನ್ನೆಲ್ಲ ನೆಟ್ಟಗೆ ಮಾಡುವವಳು ನಾನೇ! ಓದಿದ್ದು ಮೂರನೇ ಕ್ಲಾಸಾದರೇನು, ನಲವತ್ತು ವರ್ಷ ಗಿರಣಿ ಫಿಟ್ಟರ್ ಜೊತೆ ಸಂಸಾರ ಮಾಡಿದವಳು. ನಮ್ಮೆಜಮಾನರು ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರಕ್ಕೂ ಹಿಡಿಯನ್ನು ಕಿವಿಗೂ ಒತ್ತಿ, ಕಣ್ಣು ಮುಚ್ಚಿ, "ಎಡಗಡೆ ಬೇರಿಂಗು" ಎಂದುಬಿಡುತ್ತಿದ್ದರು. ಅವರು ಹೋಗಿ ಒಂಬತ್ತು ವರ್ಷವಾಯಿತು. ಸ್ಕ್ರೂಡ್ರೈವರ್ ಇದೆ, ನನಗೆ ಕಿವಿಯೂ ಇದೆ. ಇನ್ನೇನು ಬೇಕು? ಫ್ಯಾನ್ ಹಾಕಿದರೆ ಹಾರಿ ಹಾರಿ ಟಿ.ವಿ.ಗೆ ಅಡ್ಡ ಬರುತ್ತಿದ್ದ ಹಾಲಿನ ಪರದೆಗೆ ಈ ದಸರೆಯಲ್ಲಿ ಬುದ್ಧಿ ಕಲಿಸಿದವಳೂ ನಾನೇ. ಈಗ ಅದು ಪೆರೇಡಿಗೆ ನಿಂತ ಪೊಲೀಸಿನವನ ಹಾಗೆ ಅಲುಗಾಡುವುದಿಲ್ಲ!

ಹಾಗಾಗಿ ಮನೆಯ ಕಾರು ನಡುಗಲು ಶುರುವಾದಾಗ, "ಮೂಲ ಹಿಡಿಯದೆ ಬಿಡೆ!" ಎಂದು ಪಣ ತೊಟ್ಟೆ.

ಪಣಕ್ಕೆ ಕಾರಣವಿತ್ತು. ನಡುಕ ಬಂದದ್ದು ಆಯುಧ ಪೂಜೆಯಾದ ಮೂರನೇ ದಿನ. ಆಗ ಓಡಿಸುತ್ತಿದ್ದವಳು ನನ್ನ ಮಗಳು ವರಲಕ್ಷ್ಮಿ. ನಲವತ್ತೆರಡನೇ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತು, ಬಸವೇಶ್ವರನಗರದಿಂದ ಕೆಂಗೇರಿಯ ಆಫೀಸಿಗೆ ರಾಣಿಯ ಹಾಗೆ ಹೋಗಿಬರುತ್ತಿದ್ದಳು. ಅಳಿಯ ಸಿದ್ಧಾರ್ಥ ಕೀ ಕಿತ್ತು ತಮ್ಮ ಜೇಬಿಗೆ ಹಾಕಿಕೊಂಡರು.

"ಆಟೋಮ್ಯಾಟಿಕ್ ಗಾಡಿ ಕಣೇ ಅದು. ಸಿಗ್ನಲ್ ಸಿಗ್ನಲ್‌ಗೂ ಲಿವರ್ ಎಳೆದಾಡಿ ಗೇರ್ ಬಾಕ್ಸ್ ಹಾಳು ಮಾಡಿದ್ದೀಯ!"

"ನಾನು ಮುಟ್ಟೋದೇ ಇಲ್ಲ ರೀ!"

"ಮತ್ತಿನ್ಯಾರು, ನಿಮ್ಮಮ್ಮ ಮುಟ್ತಾರಾ?"

ಮಾರನೇ ದಿನದಿಂದ ವರು ಬಸ್ ಸ್ಟಾಪಿಗೆ ನಿಂತಳು. ಸಂಜೆ ಬಾಡಿದ ಸೊಪ್ಪಿನ ಹಾಗೆ ಮನೆಗೆ ಬರುವ ಮಗಳನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಸ್ಕ್ರೂಡ್ರೈವರ್ ಹುಡುಕಿ ತಂದೆ. ತುದಿಯನ್ನು ಬಾನೆಟ್ಟಿಗಿಟ್ಟು, ಹಿಡಿಗೆ ಕಿವಿ ಒತ್ತಿದೆ. ಆಹಾ, ದಡದಡ ಸದ್ದು!

"ಸಿಕ್ತು ಕಣೇ! ಒಳಗೆ ಏನೋ ಕುಣೀತಾ ಇದೆ!"

"ಅಮ್ಮಾ, ಅದು ಮನೆಯೊಳಗೆ ನಮ್ಮ ವಾಷಿಂಗ್ ಮೆಷಿನ್ನು. ಕಾರು ಇನ್ನೂ ಸ್ಟಾರ್ಟೇ ಮಾಡಿಲ್ಲ."

ಅಳಿಯಂದಿರದು ಬೇರೆ ವಿದ್ಯೆ. ರಾತ್ರಿ ಹಗಲು ಫೋನಿನಲ್ಲಿ ವಿಡಿಯೋ ನೋಡಿ ತೀರ್ಪು ಕೊಟ್ಟರು: ಗೇರ್ ಆಯಿಲ್ ಕೆಟ್ಟಿದೆ. ಒಂದು ವಿಡಿಯೋದವನು ಪೂರ್ತಿ ತೊಳೆದು ಬದಲಾಯಿಸಿ ಎಂದನಂತೆ. ಇನ್ನೊಬ್ಬ, ಮುಟ್ಟಿದರೆ ಇರುವ ಗೇರೂ ಹೋಯಿತು ಎಂದನಂತೆ. ಕಾರಿನ ಪುಸ್ತಕದಲ್ಲಿ ಮಾತ್ರ 'ಲೈಫ್‌ಟೈಮ್ ಆಯಿಲ್' ಎಂದು ಬರೆದಿತ್ತು.

ಭಾನುವಾರ ಬೆಳಿಗ್ಗೆ ವರುವನ್ನೂ ಕೂರಿಸಿಕೊಂಡು ಹೆಗ್ಗನಹಳ್ಳಿಯ ಅಮೀನಪ್ಪನ ಗ್ಯಾರೇಜಿಗೆ ಹೊರಟರು.

"ಅತ್ತೆ, ನೀವ್ಯಾಕೆ?"

"ತಪ್ಪು ಯಾರದು ಅಂತ ಕಣ್ಣಾರೆ ನೋಡ್ಬೇಕು, ಅಳಿಯಂದ್ರೇ!" ಎಂದು, ಹಬ್ಬಕ್ಕೆ ಹೊಸ ರಬ್ಬರು ತೊಡಿಸಿದ್ದ ಊರುಗೋಲನ್ನು ನೆಲಕ್ಕೆ ಕುಟ್ಟಿ ಕಾರು ಹತ್ತಿಯೇಬಿಟ್ಟೆ.

ಅಮೀನಪ್ಪ ವಿಜಯಪುರದ ಕಡೆಯವನು. ಅವಸರವೆಂದರೆ ಏನೆಂದು ಗೊತ್ತಿಲ್ಲ. ಪುಸ್ತಕದ ಮಾತು ಕೇಳಿ ನಕ್ಕ. "ಲೈಫ್‌ಟೈಮ್ ಅಂದ್ರ ಯಾರ ಲೈಫ್ರೀ ಸಾರ್? ಆಯಿಲ್ದಾ, ಗಾಡೀದಾ, ನಿಮ್ದಾ?"

ಕಾರನ್ನು ಮೇಲೆತ್ತಿ, ಕೆಳಗಿನ ಬಿರಡೆ ಸಡಿಲಿಸಿ ಎರಡು ತೊಟ್ಟು ಎಣ್ಣೆ ಹಿಡಿದ. ನಾನು ಬಿಡುತ್ತೇನೆಯೇ? ಬೆರಳಿಗೆ ಸವರಿ ಮೂಸಿದೆ. "ನಾಲ್ಕು ದಿನ ಬೋಂಡಾ ಕರಿದ ಎಣ್ಣೆ ಇದ್ದ ಹಾಗಿದೆ."

"ಯವ್ವಾ, ನಿಮ್ಗ ಗೊತ್ತಾತು ನೋಡ್ರಿ! ಹೊಸಾದು ದಾಳಿಂಬಿ ರಸದಂಗ ಕೆಂಪಗಿರ್ತೈತಿ. ಎಂಬತ್ತು ಸಾವಿರ ಕಿಲೋಮೀಟರ್ ಓಡೈತಿ, ಇದು ದಣದೈತಿ. ಒತ್ತಡ ಹಾಕಿ ತೊಳಿಯೋದು ಬ್ಯಾಡ. ಇಳಿಸಿ ಹೊಸಾದು ತುಂಬಿದ್ರ ಸಾಕು."

ನನ್ನ ಎದೆ ಉಬ್ಬಿತು. ಅಳಿಯಂದಿರದೂ ಉಬ್ಬಿತು. "ನಾನು ಹೇಳ್ಲಿಲ್ವಾ, ಗೇರ್ ಆಯಿಲ್ ಅಂತ!" ವರು ತಲೆ ತಗ್ಗಿಸಿದಳು.

"ತಡೀರಿ ಸಾರ್. ಆಯಿಲ್ ಹಳೇದು ಖರೆ. ಆದ್ರ ನಡಗೋದು ಅದಕ್ಕೇನಾ, ನೋಡೂಣು."

ಅಮೀನಪ್ಪ ಸ್ಟಿಯರಿಂಗ್ ಹಿಡಿದ. ನಾವೆಲ್ಲ ಹತ್ತಿ ಸುಮನಹಳ್ಳಿ ಕಡೆಯ ರಿಂಗ್ ರೋಡಿಗೆ ಬಂದೆವು. ಪರೀಕ್ಷೆಗೆಂದು ನಾನು ಮಡಿಲಲ್ಲಿ ಒಂದು ಲೋಟ ನೀರು ಇಟ್ಟುಕೊಂಡಿದ್ದೆ. ನಲವತ್ತರ ವೇಗದಲ್ಲಿ ನೀರು ಧ್ಯಾನ ಮಾಡುತ್ತಿತ್ತು. ಐವತ್ತಕ್ಕೆ ಕಣ್ಣು ಬಿಟ್ಟಿತು. ಎಪ್ಪತ್ತಕ್ಕೆ ಸ್ಟಿಯರಿಂಗ್ ಗಡಗಡ, ಲೋಟ ಖಾಲಿ, ಸೀರೆ ತೊಪ್ಪೆ! ಎಪ್ಪತ್ತು ದಾಟಿದ ಮೇಲೆ ಯಾರು ತಾನೇ ನಡುಗುವುದಿಲ್ಲ, ನನ್ನನ್ನೇ ನೋಡಿ!

ರಸ್ತೆ ಖಾಲಿ ಇದ್ದ ಕಡೆ ಅಮೀನಪ್ಪ ಲಿವರನ್ನು ನ್ಯೂಟ್ರಲ್‌ಗೆ ತಳ್ಳಿದ. ನಡುಕ ನಿಲ್ಲಲಿಲ್ಲ. "ಗೇರ್ ಬಿಟ್ರೂ ನಡಗತೈತಿ. ಅಂದ್ರ ಗೇರ್ ಬಾಕ್ಸಿಂದೇನೂ ತಪ್ಪಿಲ್ಲ, ಅಕ್ಕಾರದೂ ತಪ್ಪಿಲ್ಲ. ಇದು ಮುಂದಿನ ಗಾಲೀದು."

ವರು ತಲೆ ಎತ್ತಿದಳು. ಗೆದ್ದೆವು ಎಂದು ನಾನು ಊರುಗೋಲು ಕುಟ್ಟಿದೆ!

ಗ್ಯಾರೇಜಿಗೆ ವಾಪಸು ಬಂದು ಅಮೀನಪ್ಪ ಮುಂದಿನ ಚಕ್ರದೊಳಕ್ಕೆ ಟಾರ್ಚ್ ಬಿಟ್ಟ. ಬಹಳ ಹೊತ್ತು ನೋಡಿದ.

"ಸಾರ್, ಗಾಲಿ ಸಮತೂಕ ಇರ್ಲಿ ಅಂತ ಇಲ್ಲಿ ಸಣ್ಣ ಸಣ್ಣ ತೂಕದ ಬಿಲ್ಲಿ ಅಂಟಿಸಿರ್ತಾರ. ಯಾರೋ ಕಿತ್ತಾರ. ಏನು ಶ್ರದ್ಧೀರೀ, ಒಂದೂ ಉಳಿಸಿಲ್ಲ!"

"ಕಳ್ಳರಾ?" ಎಂದರು ಅಳಿಯ.

"ಯಾವ ಕಳ್ಳ ಗಾಲಿ ತೊಳದು ಹೋಗ್ತಾನ್ರೀ? ಇಲ್ಲಿ ನೋಡ್ರಿ, ಹುಣಸಿಹಣ್ಣಿನ ನಾರು."

ನಾನು ಊರುಗೋಲು ಕುಟ್ಟುವುದನ್ನು ನಿಲ್ಲಿಸಿದೆ.

ಆಯುಧ ಪೂಜೆಯ ಹಿಂದಿನ ದಿನ, ಕೆಲಸದವಳು ಬರಲಿಲ್ಲವೆಂದು, ಹುಣಸೆಹಣ್ಣು ತೆಂಗಿನ ನಾರು ಹಿಡಿದು ಕಾರಿನ ಮುಂದೆ ಕೂತವಳು ನಾನು. ಚಕ್ರದ ಒಳಗೆ ಚಾಕೊಲೇಟಿನ ತುಂಡುಗಳ ಹಾಗೆ ಸಾಲಾಗಿ ಏನೋ ಬೂದು ಬಣ್ಣದ್ದು ಅಂಟಿಕೊಂಡಿತ್ತು. ದೇವರಿಗೆ ಇಡುವ ಗಾಡಿಯಲ್ಲಿ ಇಂಥ ಕೊಳೆಯೇ! ದೋಸೆ ಮಗುಚುವ ಕೈ ತಂದು ಒಂದೊಂದಾಗಿ ಎಬ್ಬಿಸಿದ್ದೆ. ಎಡಕ್ಕೆ ಹನ್ನೊಂದು, ಬಲಕ್ಕೆ ಒಂಬತ್ತು. ಹಿಂದಿನ ಚಕ್ರಕ್ಕೆ ಹೋಗುವಷ್ಟರಲ್ಲಿ ಸೊಂಟ ಹಿಡಿಯಿತು. ಅವು ಬಚಾವಾದವು.

ಬಾಯಿ ಮುಚ್ಚಿಕೊಂಡಿದ್ದರೆ ನಾನು ಪಾರು. ಆದರೆ ಅಳಿಯಂದಿರು ಆಗಲೇ ವರು ಕಡೆ ತಿರುಗಿದ್ದರು. "ಫುಟ್‌ಪಾತಿಗೆ ಉಜ್ಜಿದ್ದೀಯಾ?"

"ಅವಳಲ್ಲ, ನಾನು," ಎಂದೆ.

"ನೀವಾ? ಅತ್ತೆ, ಎಲ್ಲಿವೆ ಆ ಬಿಲ್ಲೆ?"

"ಹಾಲಿನ ಪರದೆ ಅಂಚಲ್ಲಿ. ತೂಕಕ್ಕೆ ಅಂತ ಒಳಗಿಟ್ಟು ಹೊಲಿದಿದ್ದೀನಿ."

ಅಮೀನಪ್ಪ ಟಾರ್ಚ್ ಆರಿಸಿ ಗೋಡೆಗೆ ಮುಖ ಮಾಡಿ ನಿಂತ. ಬೆನ್ನು ಮಾತ್ರ ಕುಲುಕುತ್ತಿತ್ತು. ಎಪ್ಪತ್ತರ ವೇಗದ ನಡುಕ ಅದು!

ಹೊಸ ಆಯಿಲ್ ಆಯಿತು. ಪಕ್ಕದ ಟೈರ್ ಅಂಗಡಿಯಲ್ಲಿ ಹೊಸ ಬಿಲ್ಲೆಗಳೂ ಅಂಟಿದವು. ಅಳಿಯಂದಿರು ಜೇಬಿನಿಂದ ಕೀ ತೆಗೆದು, ಮುಖ ಎತ್ತದೆ, ಹೆಂಡತಿಯ ಕೈಗೆ ಕೊಟ್ಟರು. ವರು ರಿಂಗ್ ರೋಡಿನಲ್ಲಿ ಎಪ್ಪತ್ತು ಮುಟ್ಟಿಸಿದಳು. ಸ್ಟಿಯರಿಂಗ್ ಅಲುಗಲಿಲ್ಲ.

"ಅಮ್ಮಾ, ಬೆಣ್ಣೆ ಇದ್ದ ಹಾಗೆ ಹೋಗ್ತಿದೆ!"

ನಾನು ಉಸಿರು ಬಿಡುವಷ್ಟರಲ್ಲಿ ಅಳಿಯಂದಿರು ಹಿಂದೆ ತಿರುಗಿದರು.

"ಅತ್ತೆ, ಹಬ್ಬದಿಂದೀಚೆಗೆ ವಾಷಿಂಗ್ ಮೆಷಿನ್ನೂ ಒಂದು ಕಾಲು ಕುಂಟಿ ಕುಣೀತಾ ಇದೆಯಲ್ಲ. ಅದಕ್ಕೂ ಪೂಜೆ ಮಾಡಿದ್ರಾ?"

ನಾನು ಕಿಟಕಿಯಾಚೆ ಮರ ಎಣಿಸತೊಡಗಿದೆ. ಊರುಗೋಲಿನ ಹೊಸ ರಬ್ಬರು ಕಾಣದ ಹಾಗೆ, ಮೆಲ್ಲಗೆ ಅದರ ಮೇಲೆ ಸೆರಗು ಎಳೆದುಕೊಂಡೆ.