ಅತ್ತೆಯ ‘ಆಯ್ತಾ?’

ಲೋಕದ ಜನರೆಲ್ಲ ಎದುರಿಗೆ ಸಿಕ್ಕವರನ್ನು ‘ಊಟ ಆಯ್ತಾ?’ ಎಂದು ಕೇಳುತ್ತಾರೆ. ನನ್ನ ಸೋದರತ್ತೆಗೆ ಆ ಪ್ರಶ್ನೆಯಲ್ಲಿ ನಂಬಿಕೆಯಿಲ್ಲ. ‘ಒಳಗೆ ಹೋಗಿದ್ದನ್ನ ಕೇಳಿ ಏನ್ ಪ್ರಯೋಜ್ನ? ಹೊರಗೆ ಬಂತಾ ಅಂತ ಕೇಳ್ಬೇಕು!’ ಎನ್ನುವುದು ಅವಳ ವಾದ. ಆದ್ದರಿಂದ ಅವಳು ಕೇಳುವುದು ‘ಮೋಷನ್ ಆಯ್ತಾ?’ ಎಂದು. ಅದೂ ಗುಟ್ಟಾಗಿ ಅಲ್ಲ. ಮಾಲೂರಿನ ಬಸ್ ಸ್ಟ್ಯಾಂಡಿನಲ್ಲಿ ಕೇಳಿದರೆ ಮಾಸ್ತಿಯ ಹಸುಗಳು ತಲೆಯೆತ್ತಬೇಕು, ಅಂಥ ಗಂಟಲು!

ತಪ್ಪು ಅವಳದಲ್ಲ ಬಿಡಿ. ಸರ್ಕಾರಿ ಆಸ್ಪತ್ರೆಯ ಆಪರೇಷನ್ ವಾರ್ಡಿನಲ್ಲಿ ನರ್ಸಾಗಿಯೇ ತಲೆ ನರೆಸಿಕೊಂಡವಳು. ಹೊಟ್ಟೆ ಕೊಯ್ಸಿಕೊಂಡವರಿಗೆ ಗ್ಯಾಸ್ ಹೋಗುವ ತನಕ ಹನಿ ನೀರೂ ಕೊಡುವಂತಿಲ್ಲ ಎನ್ನುವುದು ಅವಳ ವಾರ್ಡಿನ ಕಾನೂನು. ಯಾರಿಗಾದರೂ ಹೋಯಿತೋ, ಮಗು ಹುಟ್ಟಿದಷ್ಟು ಸಂಭ್ರಮ! ‘ಆಯ್ತು ಕಣ್ರೋ! ನೀರು ಕೊಡಿ!’ ಎಂದು ವಾರ್ಡಿಗೆಲ್ಲ ಸಾರುತ್ತಿದ್ದಳಂತೆ. ನಿವೃತ್ತಳಾಗಿ ಕ್ಯಾಲನೂರಿನ ನಮ್ಮಪ್ಪನ ಮನೆಗೆ ಬಂದ ಮೇಲೂ ಅವಳ ರೌಂಡ್ಸ್ ನಿಲ್ಲಲಿಲ್ಲ. ಊರೇ ವಾರ್ಡಾಯಿತು.

ನನ್ನನ್ನು ನೋಡಲು ಶ್ರೀನಿವಾಸಪುರದಿಂದ ಗಂಡಿನ ಕಡೆಯವರು ಬಂದಿದ್ದರು. ನಾನು ತಲೆ ತಗ್ಗಿಸಿ ಕಾಫಿ ತಟ್ಟೆ ಹಿಡಿದು ಬರುತ್ತಿದ್ದೇನೆ, ಅತ್ತೆ ಹುಡುಗನ ಮುಖವನ್ನೇ ನೋಡುತ್ತಿದ್ದಾಳೆ.

‘ಯಾಕಪ್ಪ, ಮುಖ ಬಾಡೋಗಿದೆ? ಬಾಯಿ ತೆಗಿ, ನಾಲಿಗೆ ನೋಡೋಣ.’

ಹುಡುಗ ತೆಗೆದೇಬಿಟ್ಟ!

‘ಮೋಷನ್ ಆಗಿಲ್ಲ, ಅಲ್ವಾ?’

ಹುಡುಗನ ತಾಯಿ ‘ಅಯ್ಯೋ ರಾಮಾ, ಏಮಿಟಮ್ಮಾ ಇದಿ!’ ಎಂದು ತೆಲುಗಿನಲ್ಲೇ ಬೆಚ್ಚಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಎನ್ನಿಸಿತು. ಹುಡುಗ ಪಾಪ, ‘ಇಲ್ಲ ಆಂಟಿ, ಆಫೀಸಲ್ಲಿ ಕೂತೇ ಇರ್ತೀನಿ’ ಎಂದು ಸತ್ಯ ಹೇಳಿದ. ಅತ್ತೆ ಅವನ ಪಾಲಿನ ಕಾಫಿ ಕಿತ್ತುಕೊಂಡು ಬಿಸಿನೀರಿಗೆ ತುಪ್ಪ ಹಾಕಿ ಕುಡಿಸಿದಳು. ಸಂಬಂಧ ತಪ್ಪಿತೆಂದು ನಾನು ರಾತ್ರಿಯೆಲ್ಲ ಕಣ್ಣೀರಿಟ್ಟೆ. ಬೆಳಿಗ್ಗೆ ಅವರಿಂದ ಫೋನು ಬಂತು: ಒಪ್ಪಿಗೆಯಂತೆ. ಹುಡುಗನಿಗೆ ಆಯ್ತಂತೆ!

ಆಮೇಲೆ ಅವಳ ಕೈಗೆ ಮೊಬೈಲು ಬಂತು, ಕೇಳಬೇಕೆ? ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರೂ ಗುಲಾಬಿ ಹೂವಿನ ಶುಭೋದಯ ಕಳಿಸಿದರೆ ಅತ್ತೆಯದು ‘ಎಲ್ಲರಿಗೂ ಆಯ್ತಾ?’ ಮುಳಬಾಗಿಲಿನ ದೊಡ್ಡಮ್ಮನಿಂದ ಹಿಡಿದು ವೇಮಗಲ್ ಫ್ಯಾಕ್ಟರಿಯ ಚಿಕ್ಕಪ್ಪನವರೆಗೆ ಸಾಲಾಗಿ ಹೆಬ್ಬೆರಳು ತೋರಿಸಬೇಕು. ತೋರಿಸದವರಿಗೆ ಬೇರೆಯಾಗಿ ವಿಚಾರಣೆ! ಒಂದು ದಿನ ಶಾಲೆಯಲ್ಲಿ ಪೋಷಕರ ಸಭೆ. ಟೀಚರಮ್ಮನಾದ ನಾನು ಮೊಬೈಲನ್ನು ದೊಡ್ಡ ಪರದೆಗೆ ಜೋಡಿಸಿ ಗಂಭೀರವಾಗಿ ಮಾತಾಡುತ್ತಿದ್ದೆ. ಪರದೆಯ ನೆತ್ತಿಯ ಮೇಲೆ ಅಕ್ಷರಗಳು ಮೂಡಿದವು: ‘ನಿನ್ನೆಯೂ ಆಗಿಲ್ಲ ಅಂದಿದ್ದೆ. ಇವತ್ತಾದ್ರೂ ಆಯ್ತೇನೇ?’

ಪೋಷಕರು ಓದಿದರು. ಹೆಡ್‌ಮಾಸ್ಟರೂ ಕನ್ನಡಕ ಸರಿಮಾಡಿಕೊಂಡು ಓದಿದರು.

‘ಅತ್ತೆ, ನನ್ನ ಮಾನ ತೆಗೀಬೇಡ ಕಣತ್ತೆ!’ ಎಂದು ಫೋನಿನಲ್ಲಿ ಗೋಗರೆದೆ.

‘ಹೊಟ್ಟೆಗೆ ಮಾನ ಇಲ್ಲ ಕಣೇ. ಮೊದ್ಲು ಹೇಳು, ಆಯ್ತಾ?’

ಇಂಥವಳು ಒಂದು ಬೆಳಿಗ್ಗೆ ಗ್ರೂಪಿನಲ್ಲಿ ಏನೂ ಕೇಳಲಿಲ್ಲ. ಮಾರನೆಯ ದಿನವೂ ಇಲ್ಲ. ಅಬ್ಬಾ, ಬಿಡುಗಡೆ ಎಂದುಕೊಂಡೆ. ಆದರೆ ಮನಸ್ಸು ತಡೆಯಲಿಲ್ಲ. ಅಪ್ಪನಿಗೆ ಫೋನು ಮಾಡಿದರೆ, ‘ಅಕ್ಕ ಉಪವಾಸ ಹಿಡಿದವ್ಳೆ’ ಎಂದರು. ಉಪವಾಸವೇ? ಏಕಾದಶಿ ಮಾಡುವವರನ್ನೂ ಬೈಯುವ ನಮ್ಮತ್ತೆಯೇ? ಗಂಡನ ಜೊತೆ ಕ್ಯಾಲನೂರಿಗೆ ಓಡಿದೆ.

ಗೋಡೆಯ ಕಡೆ ಮುಖ ಮಾಡಿ ಮುದುಡಿ ಮಲಗಿದ್ದಳು. ಹೊಟ್ಟೆ ತಮಟೆಯಂತೆ ಬಿಗಿದಿತ್ತು. ಪಕ್ಕದಲ್ಲಿ ವಾಂತಿಯ ಬಕೆಟ್ಟು. ನನ್ನ ಗಂಡ, ‘ಮೋಷನ್ ಆಗ್ತಿಲ್ವಾ ಅತ್ತೆ?’ ಎಂದರು. ಅವಳು ಕಂಬಳಿ ಎಳೆದುಕೊಂಡು ನನ್ನ ಕಿವಿಯಲ್ಲಿ, ‘ಅಳಿಯಂದ್ರ ಮುಂದೆ ಅದನ್ನೆಲ್ಲ ಹೆಂಗೇ ಹೇಳ್ಲಿ? ನಾಚಿಕೆ ಆಗಲ್ವಾ?’ ಎಂದಳು.

ನಾಚಿಕೆ! ಆ ಹುಡುಗನ ನಾಲಿಗೆ ನೋಡಿಯೇ ಅಳಿಯನನ್ನಾಗಿ ಮಾಡಿಕೊಂಡವಳಿಗೆ ನಾಚಿಕೆ!

ಕೋಲಾರದ ಆಸ್ಪತ್ರೆಯಲ್ಲಿ ಕರುಳು ತಿರುಚಿಕೊಂಡಿದೆ ಎಂದು ಅಂದೇ ಆಪರೇಷನ್ ಮಾಡಿದರು. ಇನ್ನೂ ತಡವಾಗಿದ್ದರೆ ಕೈಮೀರುತ್ತಿತ್ತಂತೆ. ಮೂಗಿಗೆ ನಳಿಕೆ, ಒಣಗಿ ಬಿರುಕು ಬಿಟ್ಟ ತುಟಿ. ಕೈಸನ್ನೆಯಲ್ಲೇ ನೀರು ಕೇಳುತ್ತಿದ್ದಳು. ಕರುಳು ಮತ್ತೆ ನಡೆಯುತ್ತದೋ ಇಲ್ಲವೋ ಎಂಬ ಭಯ ನಮಗೆಲ್ಲ. ನರ್ಸಮ್ಮ ಬಂದು ‘ಗ್ಯಾಸ್ ಹೋಯ್ತಾ ಅಜ್ಜಿ?’ ಎಂದು ಕೇಳಿದಾಗಲೆಲ್ಲ ಅತ್ತೆ ಕಣ್ಣು ಮುಚ್ಚಿ ಮುಖ ತಿರುಗಿಸುವಳು.

ರೋಗಿಗಳನ್ನು ನೋಡಲು ಬಂದವರಿಂದ ವಾರ್ಡು ತುಂಬಿತ್ತು. ಜನರೆದುರು ಆ ಮಾತು ಎಂದೂ ಆಡದ ನಾನು ಬಗ್ಗಿ ಪಿಸುಗುಟ್ಟಿದೆ. ಅವಳಿಗೆ ಕೇಳಿಸಲಿಲ್ಲ. ಮತ್ತೆ ಕೇಳಿದೆ. ಈ ಸಲ ಹೊರಟ ದನಿಗೆ ಇಡೀ ವಾರ್ಡು ತಿರುಗಿ ನೋಡಿತು.

‘ಅತ್ತೆ, ಆಯ್ತಾ?’

‘ಮೆಲ್ಲಗೆ ಕೇಳೇ! ಮಾನ ತೆಗೀಬೇಡ.’

‘ಹೊಟ್ಟೆಗೆ ಮಾನ ಇಲ್ಲ ಅತ್ತೆ.’

ಅವಳ ಕಣ್ಣಿನಿಂದ ನೀರು ಇಳಿದು ದಿಂಬು ಸೇರಿತು. ‘ಎಲ್ಲರನ್ನೂ ನಾನೇ ಕೇಳ್ದೆ. ನನ್ನ ಯಾರೂ ಕೇಳಿರ್ಲಿಲ್ಲ ಕಣೇ’ ಎಂದಳು. ನಿಜ, ಅಷ್ಟು ಹೆಬ್ಬೆರಳುಗಳಲ್ಲಿ ಒಂದಾದರೂ ತಿರುಗಿ ‘ನಿನಗೆ?’ ಎಂದಿರಲಿಲ್ಲ. ನನಗೆ ಮುಖ ಎತ್ತಲಾಗಲಿಲ್ಲ. ಅವಳ ಕೈ ಹಿಡಿದು ಕುಳಿತೆ.

ಸ್ವಲ್ಪ ಹೊತ್ತಿಗೆ ಹೊದಿಕೆಯೊಳಗಿನಿಂದ ಸಣ್ಣದೊಂದು ಸದ್ದು ಬಂತು. ಪಕ್ಕದ ಮಂಚದ ಹೆಂಗಸು ಮರ್ಯಾದೆಗೆ ಸೂರು ನೋಡಿದಳು. ಅತ್ತೆ ನಾಚಿ ಕಣ್ಣು ಮುಚ್ಚಿಕೊಂಡಳು.

ನಾನು ಎದ್ದು ನಿಂತು, ಅವಳದೇ ಗಂಟಲಲ್ಲಿ, ವಾರ್ಡಿಗೆಲ್ಲ ಕೇಳುವಂತೆ ಕೂಗಿದೆ:

‘ಆಯ್ತು ಕಣ್ರೋ! ನೀರು ಕೊಡಿ!’