ಮಾಸ್ತರ ಗಡ್ಡ, ನಮ್ಮ ಸೋಲು

ನಮ್ಮ ಮಾನ್ವಿಯ ಫುಟ್‌ಬಾಲ್ ಟೀಮು ಮೂರು ವರ್ಷ ಒಂದೂ ಪಂದ್ಯ ಗೆಲ್ಲಲಿಲ್ಲ ಎಂದು ಯಾರಾದರೂ ಮರುಕಪಟ್ಟರೆ ನನಗೆ ನಗು ಬರುತ್ತದೆ. ಗೆದ್ದವರಿಗೆ ಒಂದು ಕಪ್ ಸಿಗುತ್ತದೆ, ಅದನ್ನು ಕಪಾಟಿನಲ್ಲಿಟ್ಟು ಮರೆಯುತ್ತಾರೆ. ಸೋಲುವವರಿಗೆ ಹಾಗಲ್ಲ, ಭಾನುವಾರ ಬಂತೆಂದರೆ ಏನಾದರೊಂದು ಆಗಿಯೇ ತೀರುತ್ತದೆ.

ನಾನು ಆ ಟೀಮಿನ ಗೋಲ್‌ಕೀಪರ್. ಉಳಿದ ದಿನಗಳಲ್ಲಿ ಸರ್ಕಾರಿ ಕಚೇರಿಯೊಂದರ ಗುಮಾಸ್ತ. ಕಚೇರಿಯಲ್ಲಿ ನನ್ನ ಟೇಬಲ್ ದಾಟಿ ಒಂದು ಕಾಗದವೂ ಸುಲಭಕ್ಕೆ ಮುಂದೆ ಹೋಗುವುದಿಲ್ಲ ಎಂಬ ಹೆಸರಿದೆ. ಮೈದಾನದಲ್ಲಿ ಅದೆಲ್ಲ ತಿರುಗುಮುರುಗು. ಒಮ್ಮೆ ಆರನೇ ಗೋಲು ಬಿಟ್ಟಾಗ ಹಿಂದೆ ನಿಂತಿದ್ದ ರೈತರೊಬ್ಬರು ಪಕ್ಕದವರಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. "ಈ ಮನುಷ್ಯಾ ಆಫೀಸ್ನಾಗೂ ಹಿಂಗ ಬಿಟ್ಟಿದ್ರ ನಮ್ಮ ಪಹಣಿ ಕೆಲಸ ಯಾವಾಗೋ ಆಗ್ತಿತ್ತು ನೋಡು."

ಸೋತವರಿಗೆ ಮಿರ್ಚಿ

ನಮ್ಮ ಸುತ್ತಿನ ಪಂದ್ಯಗಳಲ್ಲಿ ಒಂದು ಪದ್ಧತಿ ಇದೆ. ಗೆದ್ದವರು ಸೋತವರಿಗೆ ಮಿರ್ಚಿ-ಮಂಡಕ್ಕಿ ತಿನ್ನಿಸಿಯೇ ಕಳಿಸಬೇಕು. ಈ ಪದ್ಧತಿ ಹಾಕಿದವರ ಹೊಟ್ಟೆ ತಣ್ಣಗಿರಲಿ. ರಾಯಚೂರಿನವರ ಮಿರ್ಚಿ ಗಾತ್ರದಲ್ಲಿ ದೊಡ್ಡದು, ಖಾರ ಮಾತ್ರ ಕಡಿಮೆ. ಹಿರೇಕೊಟ್ನೆಕಲ್‌ನವರು ಮಂಡಕ್ಕಿಗೆ ಪುಟಾಣಿ ಹಿಟ್ಟು, ಹಸಿ ಉಳ್ಳಾಗಡ್ಡಿ ಹಾಕಿ ಅಂಥ ಒಗ್ಗರಣೆ ಕೊಡುತ್ತಾರೆ ಎಂದರೆ, ಅಲ್ಲಿ ಪಂದ್ಯವಿದ್ದ ದಿನ ನಮ್ಮ ಕಡೆಯಿಂದ ಹದಿನೇಳು ಆಟಗಾರರು ಹೊರಡುತ್ತಾರೆ.

ಒಮ್ಮೆ ಅದೇ ಹಿರೇಕೊಟ್ನೆಕಲ್‌ನಲ್ಲಿ ಅರ್ಧ ಆಟ ಮುಗಿದರೂ ಎರಡೂ ಕಡೆ ಗೋಲಿಲ್ಲ. ನಮ್ಮ ಬ್ಯಾಕ್ ಆಡುವವನದು ಕಿರಾಣಿ ಅಂಗಡಿ. ಚಿಂತೆಯಿಂದ ನನ್ನ ಹತ್ತಿರ ಬಂದ.

"ಯಣ್ಣಾ, ಸಮಾ ಆದ್ರ ಯಾರು ತಿನ್ನಿಸ್ತಾರ?"

ನಾನು ಇದನ್ನು ಯೋಚಿಸಿಯೇ ಇರಲಿಲ್ಲ. "ಯಾರೂ ತಿನ್ನಿಸಂಗಿಲ್ಲ. ಅವರವರ ಮನಿಗೆ ಅವರವರು ಹೋಗೋದು."

ಅವನು ಮೈದಾನದ ಅಂಚಿನಲ್ಲಿ ಎಣ್ಣೆ ಕಾಯುತ್ತಿದ್ದ ಬಾಣಲೆಯನ್ನೊಮ್ಮೆ ನೋಡಿದ, ನನ್ನನ್ನೊಮ್ಮೆ ನೋಡಿದ. ಆಮೇಲೆ ಅವನು ಬೇಕೆಂದು ಏನನ್ನೂ ಮಾಡಲಿಲ್ಲ, ನಾನೂ ಮಾಡಲಿಲ್ಲ. ಆದರೆ ಉಳಿದರ್ಧದಲ್ಲಿ ಮೂರು ಗೋಲು ಬಿದ್ದವು. ತಿನ್ನುವಾಗ ಅವನ ಮುಖದಲ್ಲಿ ನೆಮ್ಮದಿ ಎದ್ದು ಕಾಣುತ್ತಿತ್ತು.

"ಭಾಳ ಜೋರ್ ಆಡಿಬಿಟ್ಟಿದ್ವಿ ಯಣ್ಣಾ," ಅಂದ. "ಸ್ವಲ್ಪದ್ರಾಗ ಉಪವಾಸ ಬೀಳ್ತಿದ್ವಿ."

ಬಸ್ಸಿನಲ್ಲಿ ಆಶೀರ್ವಾದ

ನಮ್ಮ ಕೋಚ್ ನಿವೃತ್ತ ಪಿ.ಟಿ. ಮಾಸ್ತರು. ನಮ್ಮ ಮೊದಲ ವರ್ಷದ ಸೋಲುಗಳನ್ನು ನೋಡಿ ನೋಡಿ ಅವರು ಮನೆದೇವರಿಗೆ ಒಂದು ಹರಕೆ ಹೊತ್ತರು: ಟೀಮು ಒಂದು ಪಂದ್ಯ ಗೆಲ್ಲುವ ತನಕ ಗಡ್ಡ ತೆಗೆಯುವುದಿಲ್ಲ. ಹದಿನೈದು ದಿನದ ಮಾತು ಎಂದುಕೊಂಡಿದ್ದರು ಪಾಪ. ನಮ್ಮ ಮೇಲೆ ಅಷ್ಟು ನಂಬಿಕೆ. ಗಡ್ಡ ಎದೆ ಮುಟ್ಟಿತು.

ಒಂದು ದಿನ ಮಾಸ್ತರು, ನಾನು ರಾಯಚೂರು ಬಸ್ಸು ಹತ್ತಿದೆವು. ಜನ ತುಂಬಿದ್ದರು. ಮುಂದಿನ ಸೀಟಿನ ಅಜ್ಜಿಯೊಬ್ಬಳು ಇವರನ್ನು ಕಂಡದ್ದೇ ತಡ, ಎದ್ದು ಸೀಟು ಬಿಟ್ಟು ಕಾಲಿಗೆ ಬಿದ್ದಳು. "ಮೊಮ್ಮಗಳಿಗೆ ಒಂದು ಒಳ್ಳೆ ಸಂಬಂಧ ಕೂಡಿ ಬರ್ಲಿ ಅಂತ ಹರಸ್ರಿ ಯಪ್ಪಾ."

ಮಾಸ್ತರು ಸುಳ್ಳು ಹೇಳುವವರಲ್ಲ. "ಯವ್ವಾ, ನಾ ಸ್ವಾಮಿ ಅಲ್ಲ. ಫುಟ್‌ಬಾಲ್ ಕಲಿಸಾಂವ."

"ಯಾವ ಮಠಾನರ ಇರ್ಲಿ ಬಿಡ್ರಿ ಯಪ್ಪಾ. ಕೈ ಇಡ್ರಿ," ಎಂದು ಅಜ್ಜಿ ತಲೆ ಬಗ್ಗಿಸಿದಳು. ಮಾಸ್ತರು ಕೈ ಇಟ್ಟರು.

ಆ ಅಜ್ಜಿಯ ಮೊಮ್ಮಗಳ ಕಥೆ ಏನಾಯಿತೋ ತಿಳಿಯದು. ಆದರೆ ಆ ತಿಂಗಳೇ ಮಾಸ್ತರ ದೊಡ್ಡ ಮಗಳಿಗೆ ಸಂಬಂಧ ಕೂಡಿ ಬಂತು, ಮದುವೆಯೂ ಗೊತ್ತಾಯಿತು. ಫಜೀತಿ ಶುರುವಾದದ್ದು ಅಲ್ಲಿಂದ. ಮಾಸ್ತರ ಹೆಂಡತಿಯನ್ನು ನಾವೆಲ್ಲ ಅಮ್ಮಾರು ಎನ್ನುತ್ತೇವೆ. ಅಮ್ಮಾರು ಖಡಾಖಂಡಿತವಾಗಿ ಹೇಳಿದರು: "ಈ ಗಡ್ಡ ಇಟ್ಕೊಂಡು ಮಂಟಪದಾಗ ನಿಲ್ತೀರೇನು? ಯಾವುದೋ ಬೈರಾಗಿ ಮಗಳನ್ನ ತಂದ್ವಿ ಅಂತಾರ ಬೀಗರು."

"ಹರಕಿ ಮುರಿಯಾಕ ಬರಂಗಿಲ್ಲ," ಎಂದರು ಮಾಸ್ತರು.

"ಹಂಗಾರ ಆ ಹುಡುಗರಿಗೆ ಗೆಲ್ಲಾಕ ಹೇಳ್ರಿ."

ಮದುವೆಗೆ ಮೊದಲು ಉಳಿದಿದ್ದ ಪಂದ್ಯಗಳು ಎರಡೇ. ಒಂದು ಶಕ್ತಿನಗರದಲ್ಲಿ, ಇನ್ನೊಂದು ನಮ್ಮೂರಲ್ಲೇ ದೇವದುರ್ಗದವರ ಮೇಲೆ. ಮಾಸ್ತರು ನಮ್ಮನ್ನೆಲ್ಲ ಕೂಡಿಸಿ ಗಡ್ಡ ನೀವಿಕೊಂಡರು. ಅಷ್ಟು ವರ್ಷದಲ್ಲಿ ಮೊದಲ ಸಲ ನನಗೆ ಸೋಲು ಬೇಡವೆನಿಸಿತು. ಅವರು ಹೇಳಿದ್ದಿಷ್ಟೇ: "ನನಗ ಕಪ್ ಬ್ಯಾಡ್ರಪ್ಪಾ. ಒಂದು ಬ್ಲೇಡ್ ಹಚ್ಚೂವಂಗ ಮಾಡ್ರಿ, ಸಾಕು."

ಕಾಳು ಕಂಡರೆ

ನಮ್ಮ ಅಭ್ಯಾಸ ಒಂದು ರೈಸ್ ಮಿಲ್ಲಿನ ಕಣದಲ್ಲಿ. ಭತ್ತ ಒಣಗಲು ಹರಡಿರುತ್ತಾರೆ, ನಾವು ನಡುವಿನ ಸಂದಿಗಳಲ್ಲಿ ಬಾಲು ಓಡಿಸುತ್ತೇವೆ. ಭತ್ತ ತುಳಿಯುವ ಹಾಗಿಲ್ಲ. ಕಾಲು ತಾಗಿತೋ, ಅಲ್ಲೇ ನಿಂತು, ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ಮಿಲ್ಲಿನ ಸಾವ್ಕಾರರು ಜಾಗ ಕೊಟ್ಟದ್ದೇ ಆ ಮಾತಿನ ಮೇಲೆ. ನಮ್ಮ ಜರ್ಸಿ ಹೊಲಿಸಿಕೊಟ್ಟವರೂ ಅವರೇ. ಮಿಲ್ಲಿನ ಹೆಸರನ್ನು ಎದೆಯ ಮೇಲಲ್ಲ, ಬೆನ್ನ ಮೇಲೆ ದೊಡ್ಡದಾಗಿ ಹಾಕಿಸಿದರು. "ಹೆಂಗಿದ್ರೂ ನೀವು ಮಂದಿಗೆ ಬೆನ್ನು ತೋರಿಸೇ ಓಡೋರು," ಎಂದು ಕಾರಣವನ್ನೂ ಹೇಳಿದರು.

ನಮ್ಮ ಫಾರ್ವರ್ಡ್ ಆಟಗಾರ ಅದೇ ಮಿಲ್ಲಿನ ಹಮಾಲ. ಕ್ವಿಂಟಲ್ ಚೀಲ ಹೊತ್ತು ಓಡುವ ಕಾಲು, ಬಾಲು ಅವನಿಗೆ ಲೆಕ್ಕಕ್ಕಿಲ್ಲ. ಶಕ್ತಿನಗರದಲ್ಲಿ ಅವನು ಇಬ್ಬರನ್ನು ದಾಟಿದ. ಎದುರಿನ ಗೋಲ್‌ಕೀಪರ್ ಜಾರಿ ಬಿದ್ದ. ಇಡೀ ಗೋಲು ತೆರೆದ ಬಾಗಿಲು. ನಾವು ಇತ್ತ ಕೈ ಮೇಲೆತ್ತಿಯೂ ಆಗಿತ್ತು. ಆಗ ಹಮಾಲ ಗಕ್ಕನೆ ನಿಂತ. ಅಲ್ಲಿ ಯಾರೋ ಗುಬ್ಬಿಗಳಿಗೆ ಜೋಳ ಹಾಕಿದ್ದರು. ಇವನು ಬಗ್ಗಿ ಕಾಳು ಮುಟ್ಟಿ ಎರಡೂ ಕಣ್ಣಿಗೊತ್ತಿಕೊಂಡ. ಅಷ್ಟರಲ್ಲಿ ಗೋಲ್‌ಕೀಪರ್ ಎದ್ದು, ಚಡ್ಡಿ ಕೊಡವಿಕೊಂಡು, ನಿಧಾನವಾಗಿ ಬಂದು ಬಾಲು ಎತ್ತಿಕೊಂಡ.

ನಾಲ್ಕು ಗೋಲಿನಿಂದ ಸೋತೆವು. ಮಾಸ್ತರು ಹಮಾಲನಿಗೆ ಬೈಯುತ್ತಾರೆಂದು ಕಾದೆವು. ಅವರು ತಮ್ಮ ಕೈಯಲ್ಲಿದ್ದ ಮಿರ್ಚಿಯನ್ನು ಅವನಿಗೆ ಕೊಟ್ಟು ಹೇಳಿದರು: "ಹ್ಯಾಂಗ ಬೈಲಿ? ಅನ್ನ ತುಳೀಬ್ಯಾಡ ಅಂತ ಸಾಲ್ಯಾಗ ಕಲಿಸಿದಾಂವ ನಾನ. ಫುಟ್‌ಬಾಲ್ ಒಂದು ಬಿಟ್ಟು ಉಳಿದದ್ದೆಲ್ಲಾ ಕಲ್ತಾನ."

ಮಾಸ್ತರ ಮನೆಯಲ್ಲಿ ಅಮ್ಮಾರು ಈ ಕಥೆಯನ್ನು ನನ್ನಿಂದ ಎರಡು ಸಲ ಹೇಳಿಸಿದರು. "ಅವನೊಬ್ಬನ ಹಂಗೋ, ಎಲ್ಲಾರೂ ಹಂಗೋ?"

"ನಮ್ಮ ಕಡೆ ಕಾಳು ಯಾರು ತುಳಿತಾರ್ರೀ ಅಮ್ಮಾ? ದೇವದುರ್ಗದವ್ರೂ ರೈತರ ಮಕ್ಕಳ."

"ಹೌದೇನು," ಎಂದು ಅಮ್ಮಾರು ನನಗೆ ಇನ್ನೊಂದು ಕಪ್ ಚಹಾ ಕೊಟ್ಟರು. ಅವರ ಮನೆಯಲ್ಲಿ ಎರಡನೇ ಕಪ್ ಸಿಕ್ಕಿದ್ದು ಅದೊಂದೇ ಸಲ.

ದೇವದುರ್ಗದವರು ಬಂದ ದಿನ

ಆ ಭಾನುವಾರ ಅಮ್ಮಾರು ಮೊದಲ ಬಾರಿಗೆ ಮೈದಾನಕ್ಕೆ ಬಂದರು. ಕಂಕುಳಲ್ಲಿ ಒಂದು ದೊಡ್ಡ ಚೀಲ ಮಂಡಕ್ಕಿ. "ಇವತ್ತು ತಿನ್ನಿಸೋರು ನಾವ," ಎಂದು ನನ್ನ ಗೋಲ್‌ಕಂಬದ ಪಕ್ಕದಲ್ಲೇ ಕುಳಿತರು. ಅರ್ಧ ಆಟದ ಮೇಲೆ ಟೀಮುಗಳು ಕಡೆ ಬದಲಿಸಿದಾಗ ಅಮ್ಮಾರೂ ಚೀಲ ಎತ್ತಿಕೊಂಡು ನನ್ನ ಹಿಂದೆಯೇ ಆ ತುದಿಗೆ ನಡೆದರು. ನನ್ನ ಮೇಲಿನ ಪ್ರೀತಿ ಎಂದುಕೊಂಡೆ.

ದೇವದುರ್ಗದವರು ಎರಡು ಸಲ ಕಂಬಕ್ಕೆ ಹೊಡೆದರು, ಒಂದು ಸಲ ನನ್ನ ಮೂಗಿಗೆ. ಅದನ್ನು ಜನ ನನ್ನ ಜಾಣತನ ಎಂದು ತಿಳಿದು ಚಪ್ಪಾಳೆ ತಟ್ಟಿದರು. ಎರಡೂ ಕಡೆ ಗೋಲಿಲ್ಲದೆ ಇನ್ನೆರಡು ನಿಮಿಷವಿದೆ ಎನ್ನುವಾಗ ಅವರ ಫಾರ್ವರ್ಡ್ ನಮ್ಮವರನ್ನೆಲ್ಲ ದಾಟಿ ಒಬ್ಬನೇ ನನ್ನೆದುರು ಬಂದ. ನಾನು ಎಂದಿನಂತೆ ಕಣ್ಣು ಮುಚ್ಚಿದೆ.

ಸರ್ರ್ ಎಂದು ಸದ್ದಾಯಿತು. ಬಾಲು ಬರಲಿಲ್ಲ. ಕಣ್ಣು ಬಿಟ್ಟರೆ ಗೋಲಿನ ಮುಂದೆಲ್ಲ ಬೆಳ್ಳಗೆ ಮಂಡಕ್ಕಿ. ದೇವದುರ್ಗದವನು ಒಂದು ಕಾಲು ಮೇಲೆತ್ತಿ ನಿಂತಿದ್ದ. ಆಮೇಲೆ ಕಾಲು ಪಕ್ಕಕ್ಕಿಟ್ಟು, ಬಗ್ಗಿ, ಮುಟ್ಟಿ ಕಣ್ಣಿಗೊತ್ತಿಕೊಂಡ. ನಮ್ಮ ಹಮಾಲ ಓಡಿ ಬಂದ. ಅವನೂ ಬಗ್ಗುತ್ತಾನೆ, ಕೆಟ್ಟೆವು ಎಂದುಕೊಂಡೆ. ಅವನು ಮಂಡಕ್ಕಿಯ ಆಚೆ ನಿಂತಿದ್ದ ಬಾಲನ್ನು ತೆಗೆದುಕೊಂಡು ಓಡಿದ. ಅತ್ತ ಅವರ ಗೋಲ್‌ಕೀಪರ್ ಇಲ್ಲೇನಾಯಿತೆಂದು ನೋಡಲು ಮೈದಾನದ ನಡುವಿನ ತನಕ ಬಂದಿದ್ದ. ಗೋಲು ಖಾಲಿ. ಹಮಾಲ ಹೊಡೆದ. ನಾವು ತಬ್ಬಿಕೊಳ್ಳಲು ಓಡಿದರೆ ಅವನು ನಮ್ಮನ್ನೆಲ್ಲ ದಾಟಿ ವಾಪಸ್ ಬಂದು, ಬಾಕಿ ಉಳಿದಿದ್ದ ನಮಸ್ಕಾರ ಮಾಡಿ ಮಂಡಕ್ಕಿ ಕಣ್ಣಿಗೊತ್ತಿಕೊಂಡ.

"ಅಮ್ಮಾರು ಬೇಕಂತ ಚೆಲ್ಲ್ಯಾರ್ರೀ," ಎಂದು ದೇವದುರ್ಗದ ಕ್ಯಾಪ್ಟನ್ ದೂರಿದ.

ರೆಫ್ರಿ ಜೇಬಿನ ಪುಸ್ತಕ ತಿರುವಿ ಹಾಕಿ ತಲೆ ಅಲ್ಲಾಡಿಸಿದರು. "ಮಂಡಕ್ಕಿ ಬಗ್ಗೆ ಇದ್ರಾಗ ಏನೂ ಬರ್ದಿಲ್ಲಪಾ."

"ಚೀಲದ ಬಾಯಿ ಬಿಚ್ಚಿತು," ಎಂದರು ಅಮ್ಮಾರು. "ತಿನ್ನಿಸೋದೆಲ್ಲಾ ಮಣ್ಣುಪಾಲಾತು. ಮಗಳ ಮದುವಿಗೇ ಬಂದುಬಿಡ್ರಿ, ಎಲ್ಲಾರೂ."

ಕ್ಯಾಪ್ಟನ್ ಸ್ವಲ್ಪ ಮೆತ್ತಗಾದ. "ಸಿಹಿ ಏನು ಮಾಡ್ಸೀರಿ ಯವ್ವಾ?"

"ಹೋಳಿಗಿ."

ದೂರು ಅಲ್ಲಿಗೇ ನಿಂತಿತು.

ಮರುದಿನ ಬೆಳಿಗ್ಗೆ ಮಾಸ್ತರ ಅಂಗಳದಲ್ಲಿ ಇಡೀ ಟೀಮು ಸೇರಿತ್ತು. ಕ್ಷೌರದವರು ಸೋಪು ಹಚ್ಚಿ ಕತ್ತಿ ಎತ್ತಿದರು. ಮಾಸ್ತರು ಅವರ ಕೈ ಹಿಡಿದು ಹೆಂಡತಿಯ ಕಡೆ ತಿರುಗಿದರು. "ಖರೇ ಹೇಳು. ಚೀಲದ ಬಾಯಿ ತಾನ ಬಿಚ್ಚಿತೋ, ನೀ ಬಿಚ್ಚಿದ್ಯೋ? ಮೋಸದ ಗೆಲುವು ಹರಕಿಗೆ ನಡ್ಯಂಗಿಲ್ಲ."

"ಮದುವಿ ಮುಗೀಲಿ, ಹೇಳ್ತೀನಿ. ಸೋಪು ಒಣಗಾಕತ್ತದ, ಮೊದ್ಲ ಮುಖ ಕೊಡ್ರಿ."

ಮದುವೆ ಜೋರಾಗಿ ನಡೆಯಿತು. ದೇವದುರ್ಗದಿಂದ ಹನ್ನೊಂದು ಆಟಗಾರರ ಬದಲು ಹದಿನೇಳು ಜನ ಬಂದರು. ನುಣ್ಣನೆಯ ಮುಖದಲ್ಲಿ ಮಾಸ್ತರು ಅಳುತ್ತ ಮಗಳನ್ನು ಕಳಿಸಿಕೊಟ್ಟರು, ನಾವೂ ಕಣ್ಣೊರೆಸಿಕೊಂಡೆವು. ಅಮ್ಮಾರು ಆಡಿದ ಮಾತಿಗೆ ತಪ್ಪುವವರಲ್ಲ. ಮರುದಿನ ಹೇಳಿಬಿಟ್ಟರು.

ಈಗ ಮಾಸ್ತರ ಗಡ್ಡ ಮತ್ತೆ ಎದೆ ಮುಟ್ಟಿದೆ, ರಾಯಚೂರು ಬಸ್ಸಿನಲ್ಲಿ ಸೀಟು ಸಿಗುತ್ತಿದೆ. ನಾವೂ ಊರೂರು ತಿರುಗಿ ಹೊಟ್ಟೆ ತುಂಬ ಸೋಲುತ್ತಿದ್ದೇವೆ. ಅಮ್ಮಾರಿಗೆ ಇನ್ನೊಬ್ಬ ಮಗಳಿದ್ದಾಳೆ. ಅವಳ ಮದುವೆ ಗೊತ್ತಾಗುವ ತನಕ ಗೆಲ್ಲುವ ಅವಸರ ನಮಗೇನೂ ಇಲ್ಲ.