ಹೊಳೆ ತಂದ ಮರ ಯಾರದು

ಆಗ ನನಗೆ ಹದಿನಾರು ವರ್ಷ. ಎಪ್ಪತ್ತೈದು ವರ್ಷದ ಹಿಂದಿನ ಮಾತು. ಒಂದೆರಡು ಹೆಚ್ಚುಕಡಿಮೆ ಇದ್ದರೆ ಇರಲಿ, ನಾನು ಹುಟ್ಟಿದ ದಿನವನ್ನು ಯಾರೂ ಬರೆದಿಟ್ಟಿಲ್ಲ. ಆ ವಯಸ್ಸಿನಲ್ಲಿ ಹುಡುಗಿಯರು ಒಡವೆಗೆ, ಸೀರೆಗೆ ಆಸೆಪಡುತ್ತಾರಂತೆ. ನಾನು ಆಸೆಪಟ್ಟಿದ್ದು ಒಂದು ಬಾಗಿಲಿಗೆ. ಬೆಳ್ಳಿಯದಲ್ಲ, ಕೆತ್ತನೆಯದಲ್ಲ. ಮುಚ್ಚಿದರೆ ಮುಚ್ಚಿಕೊಳ್ಳುವಂಥ ಒಂದು ಬಾಗಿಲು.

ಇದನ್ನು ನೆನಪಿಸಿದವಳು ಆದವಾನಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿರುವ ವಕೀಲಮ್ಮ. ಕಾಡಿನ ಜೇನು, ಹೊಳೆಯ ಮೀನು, ಇಂಥ ಯಾರದೂ ಅಲ್ಲದ ವಸ್ತು ಮೊದಲು ಯಾರದಾಗುತ್ತದೆ ಎನ್ನುವುದಕ್ಕೆ ದಪ್ಪ ದಪ್ಪ ಪುಸ್ತಕಗಳಿವೆಯಂತೆ. ಕಂಡವನದೋ, ಅಟ್ಟಿಸಿಕೊಂಡು ಹೋದವನದೋ, ಕೈಯಲ್ಲಿ ಹಿಡಿದವನದೋ ಎಂದು ಓದಿದವರು ಬಹಳ ಕಾಲದಿಂದ ವಾದಿಸುತ್ತಿದ್ದಾರಂತೆ. "ನಿಮ್ಮೂರಾಗ ಹೆಂಗಿತ್ತು ಅಜ್ಜಿ?" ಎಂದು ಕೇಳಿದಳು. "ನಮ್ಮೂರಾಗ ಪುಸ್ತಕ ಇರಲಿಲ್ಲವ್ವ, ಕಲ್ಲು ಇತ್ತು" ಎಂದೆ. ಅವಳು ನಕ್ಕಳು. ನಾನು ನಗುವ ಮಾತೇನೂ ಹೇಳಿರಲಿಲ್ಲ.

ನಾನು ಹುಟ್ಟಿ ಬೆಳೆದದ್ದು ಇದೇ ಆದವಾನಿಯಲ್ಲಿ. ಅಪ್ಪ ಹತ್ತಿ ಪ್ರೆಸ್ಸಿನಲ್ಲಿ ಅಂಡಿಗೆ ಹೊರುತ್ತಿದ್ದ. ಇದ್ದದ್ದು ಒಂದೇ ಕೋಣೆ, ಆದರೆ ಅದಕ್ಕೆ ಹಲಗೆಯ ಬಾಗಿಲಿತ್ತು, ಒಳಗಡೆ ಕಬ್ಬಿಣದ ಚಿಲಕವಿತ್ತು. ಅದು ದೊಡ್ಡ ಐಶ್ವರ್ಯ ಎಂದು ಆಗ ಗೊತ್ತಾಗಲಿಲ್ಲ. ಮದುವೆಯಾಗಿ ಹೊಳಗುಂದದ ಆಚೆ, ತುಂಗಭದ್ರೆಯ ದಂಡೆಯ ಊರಿಗೆ ಹೋದೆ. ಗಂಡನ ಮನೆಯವರು ಕುರಿ ಸಾಕುವವರು. ಮಣ್ಣಿನ ಗೋಡೆ ಎರಡು ಮೊಳ ದಪ್ಪ. ಬಾಗಿಲ ಜಾಗದಲ್ಲಿ ಮಾತ್ರ ಒಂದು ಗೋಣಿತಾಟು ಜೋತಾಡುತ್ತಿತ್ತು. ಮಾವ ಒಳಗೆ ಬರುವ ಮೊದಲು ಕೆಮ್ಮುತ್ತಿದ್ದರು. ಮೈದುನ ಕೆಮ್ಮುತ್ತಿದ್ದ. ಆಡು ಕೆಮ್ಮುತ್ತಿರಲಿಲ್ಲ. ನಾನು ಸೀರೆ ಬದಲಿಸುವ ಹೊತ್ತಿಗೆ ಸರಿಯಾಗಿ ಗೋಣಿಯ ಕೆಳಗಿಂದ ಮೊದಲು ಅದರ ಗಡ್ಡ ಬರುತ್ತಿತ್ತು, ಹಿಂದೆ ಅದು ಬರುತ್ತಿತ್ತು. ಅತ್ತೆ ಸಂಕಮ್ಮನೂ ಕೆಮ್ಮುತ್ತಿರಲಿಲ್ಲ. ತವರು ನೆನಪಾಗಿ ಎರಡು ಹನಿ ಕಣ್ಣೀರು ಹಾಕಬೇಕೆಂದರೂ ಎಲ್ಲರೂ ಹೊಲಕ್ಕೆ ಹೋಗುವ ತನಕ ತಡೆದಿಟ್ಟುಕೊಳ್ಳಬೇಕು. ಅಷ್ಟು ಹೊತ್ತು ತಡೆದರೆ ಅದು ಬರುವುದೇ ಇಲ್ಲ.

ಒಂದು ದಿನ ಧೈರ್ಯ ಮಾಡಿ ಗಂಡನಿಗೆ ಹೇಳಿದೆ.

"ಬಾಗಲ ಯಾಕ? ಕಳ್ಳ ಬಂದ್ರ ಏನ್ ಒಯ್ತಾನ ನಮ್ಮನ್ಯಾಗ?" ಎಂದ.

"ಕಳ್ಳನ ಸಲುವಾಗಿ ಅಲ್ಲ."

"ಮತ್ತ ಯಾರ ಸಲುವಾಗಿ?"

ನಿಮ್ಮವ್ವನ ಸಲುವಾಗಿ ಎಂದು ಹದಿನಾರು ವರ್ಷದವಳು ಹೇಳುವುದು ಹೇಗೆ?

ಬಾಗಿಲು ಮಾಡಿಸಲು ಮರವಾದರೂ ಎಲ್ಲಿತ್ತು? ಆ ಸೀಮೆಯಲ್ಲಿ ಜಾಲಿ ಬಿಟ್ಟರೆ ಬೇವು, ಬೇವು ಬಿಟ್ಟರೆ ಜಾಲಿ. ಒಳ್ಳೆಯ ಮರ ಬರುತ್ತಿದ್ದದ್ದು ಹೊಳೆಯಲ್ಲಿ ಮಾತ್ರ. ಮೇಲೆ ಅಣೆಕಟ್ಟು ಇನ್ನೂ ಆಗಿರಲಿಲ್ಲ. ಪ್ರವಾಹ ಬಂದರೆ ಎಲ್ಲಿಯದೋ ಕಾಡಿನ ಮರಗಳು ತೇಲಿ ಬಂದು ನಮ್ಮ ದಂಡೆಯ ಕೆಸರಿನಲ್ಲಿ ಸಿಕ್ಕಿಕೊಳ್ಳುತ್ತಿದ್ದವು. ಅವಕ್ಕೆ ಒಡೆಯರಿಲ್ಲ. ಯಾರು ನೀರಿಗಿಳಿದು ಮರದ ಮೇಲೆ ಕಲ್ಲು ಇಡುತ್ತಾರೋ ಮರ ಅವರದು. ಕಲ್ಲು ಇಟ್ಟು ಮನೆಗೆ ಹೋಗಿ ಉಂಡು ಮಲಗಿ ಬಂದರೂ ಅದನ್ನು ಯಾರೂ ಮುಟ್ಟರು. ಬೇರೆಯವರ ಹೊಲದ ಕಡಲೆ ಹಗಲಿನಲ್ಲೇ ಕಿತ್ತುಕೊಳ್ಳುವವರೂ ಆ ಕಲ್ಲಿಗೆ ಹೆದರುತ್ತಿದ್ದರು. ಒಂದೇ ತೊಂದರೆ, ನಮ್ಮದು ಎರೆಭೂಮಿ. ದಂಡೆಯಲ್ಲಿ ಮೈಲಿಗಟ್ಟಲೆ ಹುಡುಕಿದರೂ ಹಲ್ಲಿಗೆ ತಗಲುವಷ್ಟು ಕಲ್ಲು ಸಿಗುವುದಿಲ್ಲ. ಅದಕ್ಕೇ ಮನೆಮನೆಯಲ್ಲೂ ಹಿರಿಯರು ಎರಡು ಮೂರು ಕಲ್ಲಿಗೆ ಸುಣ್ಣ ಬಳಿದು ಹೊಳೆಗೆಂದೇ ಇಟ್ಟಿರುತ್ತಿದ್ದರು. ನಮ್ಮ ಮನೆಯ ಆ ಕಲ್ಲುಗಳು ಅತ್ತೆಯ ಮಂಚದ ಕೆಳಗಿದ್ದವು.

ಆ ವರ್ಷ ಹೊಳೆ ಮೂರು ದಿನ ತುಂಬಿ ಹರಿದು ನಾಲ್ಕನೆಯ ದಿನ ಇಳಿಯಿತು. ಅತ್ತೆ ಏಳುವ ಮೊದಲು ನಾನು ಎದ್ದೆ. ಮಂಚದ ಕೆಳಗೆ ಕೈ ಹಾಕಿದರೆ ಎದ್ದಾಳು. ಕೈಗೆ ಸಿಕ್ಕಿದ್ದು ಒರಳಿನಲ್ಲಿ ಖಾರ ಅರೆಯುವ ಗುಂಡುಕಲ್ಲು. ಅದನ್ನೇ ಸೆರಗಿನಲ್ಲಿ ಸುತ್ತಿಕೊಂಡು ಓಡಿದೆ. ಜಾಲಿಗಿಡಗಳ ನಡುವೆ ಒಂದು ಕೆಂಪು ಮರ ಬಿದ್ದಿತ್ತು, ನನ್ನ ಎರಡು ತೋಳಿಗೂ ಸಿಗದಷ್ಟು ದಪ್ಪ. ಬೇರೆಯವರಿಗೆ ಅದು ಮರ. ನನಗೆ ಅದರೊಳಗೆ ನಿಂತಿದ್ದ ಬಾಗಿಲು ಕಾಣುತ್ತಿತ್ತು. ಸೊಂಟದ ಮಟ ನೀರಿಗಿಳಿದು ಕಲ್ಲು ಇಟ್ಟೆ. ಆಮೇಲೆ ಅಲ್ಲಿಯೇ ನಿಂತು ಮರದ ಮೈಯನ್ನು ಎಮ್ಮೆಗೆ ಸವರಿದ ಹಾಗೆ ಸವರಿದೆ. ಯಾರಾದರೂ ನೋಡಿದ್ದರೆ ಹುಚ್ಚು ಹಿಡಿದಿದೆ ಎನ್ನುತ್ತಿದ್ದರು.

ಗಂಡ ಎತ್ತು ತಂದ. ಊರ ಬಡಗಿ ಬಂದು ಮರಕ್ಕೆ ಬಡಿದು ನೋಡಿ, "ನಡುವ ಟೊಳ್ಳು ಐತಿ. ಒಂದ ಬಾಗಲಕ್ಕ ಸಾಲ್ತೈತಿ, ಎರಡಕ್ಕ ಇಲ್ಲ" ಎಂದ. ಅಷ್ಟರಲ್ಲಿ ಅತ್ತೆ ಬಂದಳು.

"ಚಲೋ ಆತು. ಕುರಿಹಟ್ಟಿಗೆ ಬಾಗಲ ಆತು" ಎಂದಳು.

"ಇದು ನಂದು ಅತ್ತಿ. ಮನಿಗೆ ಬಾಗಲ ಮಾಡಸ್ತೀನಿ."

"ನಿಂದು? ಈ ಮನ್ಯಾಗ ನಿಂದು ನಂದು ಅನ್ನೋದು ಯಾವಾಗಿಂದ ಬಂತು? ಕುರಿಗೆ ತೋಳದ ಭಯ ಐತಿ. ನಿನಗ ಯಾರ ಭಯ?"

ಉತ್ತರ ನನ್ನ ಎದುರಿಗೇ ಸೊಂಟದ ಮೇಲೆ ಕೈಯಿಟ್ಟು ನಿಂತಿತ್ತು. ನನ್ನ ಗಂಡ ಅವರವ್ವನ ಕಡೆ ನೋಡಿದ, ನನ್ನ ಕಡೆ ನೋಡಿದ, ಕೊನೆಗೆ ಎತ್ತುಗಳ ಕಡೆ ನೋಡಿದ. ಎತ್ತುಗಳೂ ಏನೂ ಹೇಳಲಿಲ್ಲ. ಊರ ಗೌಡರು ಅದೇ ದಂಡೆಯಲ್ಲಿ ತಮ್ಮ ಹೊಲಕ್ಕೆ ನೀರು ನುಗ್ಗಿದ್ದನ್ನು ನೋಡುತ್ತ ನಿಂತಿದ್ದರು. ನಾನೇ ಹೋಗಿ ಕರೆದೆ. ಹೊಸ ಸೊಸೆ ಗೌಡರನ್ನು ಕರೆಯುವುದೆಂದರೆ ಊರಿಗೆ ಊರೇ ಸೇರಿತು.

ಅತ್ತೆ ಸೋಲುವವಳಲ್ಲ. "ಗೌಡ್ರೆ, ಮರ ಕಂಡಾಕಿ ನಾನು ಅಂತಾಳ ಈಕಿ. ಈಕಿನ್ನ ಕಂಡಾಕಿ ಯಾರು? ಆದವಾನಿತನಕ ಬಂಡಿ ಕಟ್ಟಿಗೊಂಡು ಹೋಗಿ ಕಂಡಾಕಿ ನಾನು. ಹಂಗಾದ್ರ ಈಕಿ ಕಂಡಿದ್ದು ನಂದ ಅಲ್ಲೇನ್ರಿ?"

"ಹಂಗ ಲೆಕ್ಕ ಹಿಡದ್ರ ನಿನ್ನ ಕಂಡಾಕಿ ನಿಮ್ಮತ್ತಿ" ಎಂದರು ಗೌಡರು. "ಆಕಿ ಸತ್ತು ಹತ್ತು ವರ್ಷ ಆತು. ಮರ ಸುಡುಗಾಡಿಗೆ ಸಾಗಸೋಣೇನು?"

ಜನ ನಕ್ಕರು. ನಾನು ಗೆದ್ದೆ ಎಂದುಕೊಂಡು ಸೆರಗು ಸರಿಮಾಡಿಕೊಂಡೆ. ಆಗ ಗೌಡರು ಮರದ ಮೇಲಿನ ಕಲ್ಲನ್ನು ಎತ್ತಿಕೊಂಡರು. ಅದಕ್ಕೆ ಸುಣ್ಣವಿಲ್ಲ. ಹತ್ತಿರ ಹಿಡಿದು ಮೂಸಿದರು. ನಿನ್ನೆಯ ಕೆಂಪು ಖಾರ ಮೂಗಿಗೇರಿ ನಾಲ್ಕು ಸಲ ಸೀನಿದರು.

"ಯಾರ ಕಲ್ಲವ್ವ ಇದು?"

"ಮನೀದು" ಎಂದೆ.

"ನನ್ನ ತವರಿಂದು" ಎಂದಳು ಅತ್ತೆ. "ಮುಂಜಾನಿಂದ ಹುಡುಕಾಕತ್ತೀನಿ. ನಮ್ಮವ್ವ ನನ್ನ ಮದಿವ್ಯಾಗ ಒರಳಿನ ಜೋಡಿ ಕೊಟ್ಟಿದ್ದು."

ನಮ್ಮ ಗೌಡರು ಬೈಯುವುದು ಕನ್ನಡದಲ್ಲಿ, ತೀರ್ಪು ಕೊಡುವುದು ತೆಲುಗಿನಲ್ಲಿ. "ರಾಯಿ ಎವರಿದೋ ಮಾನು ವಾಳ್ಳದೇ" ಎಂದುಬಿಟ್ಟರು. ಕಲ್ಲು ಯಾರದೋ ಮರ ಅವರದೇ. ನೀರಿಗಿಳಿದ ಕಾಲು ನನ್ನದು, ಒದ್ದೆಯಾದ ಸೀರೆ ನನ್ನದು. ಅದನ್ನು ಯಾರೂ ಕೇಳಲಿಲ್ಲ.

ವಕೀಲಮ್ಮ ಇದನ್ನು ಕೇಳಿ, ಮೇಲಿನ ಕೋರ್ಟಿಗೆ ಹೋಗಿದ್ದರೆ ನೀವೇ ಗೆಲ್ಲುತ್ತಿದ್ದಿರಿ ಎಂದಳು. ಇರಬಹುದು. ಮುಂದಿನ ವರ್ಷಕ್ಕೆಂದು ತವರಿನಿಂದ ನನ್ನದೇ ಒಂದು ಕಲ್ಲು ತಂದು ಸುಣ್ಣ ಬಳಿದು ಇಟ್ಟುಕೊಂಡಿದ್ದೆ. ಹೊಳೆ ಬರೀ ಜಾಲಿಕೊಂಬೆ ತಂದಿತು. ವರ್ಷ ವರ್ಷವೂ ದಂಡೆಗೆ ಹೋಗಿ ನೋಡುತ್ತಿದ್ದೆ. ಆಮೇಲೆ ಮೇಲೆ ಅಣೆಕಟ್ಟು ಕಟ್ಟಿದರು, ಆ ಕೊಂಬೆ ಬರುವುದೂ ನಿಂತಿತು. ಆದರೂ ಕೆಲವು ವರ್ಷ ಹೋಗಿ ನೋಡಿದೆ. ಈಗ ನಾನಿರುವ ಮನೆಯಲ್ಲಿ ಏಳು ಬಾಗಿಲುಗಳಿವೆ. ಮುಚ್ಚಿಕೊಂಡರೆ, ಬಿದ್ದಳೋ ಸತ್ತಳೋ ಎಂದು ಮಗಳು ಬಡಿಯುತ್ತಾಳೆ. ತೆಗೆಯಲು ಏಳಬೇಕು, ಮಂಡಿ ನೋವು. ಅದಕ್ಕೇ ಎಲ್ಲವನ್ನೂ ತೆರೆದೇ ಇಡುತ್ತೇನೆ. ಆಗಿನ ಆಸೆಯನ್ನು ಮಾತ್ರ ಈ ಯಾವ ಬಾಗಿಲೂ ತೀರಿಸಲಿಲ್ಲ. ಅದು ಆ ಮರದ್ದೇ ಆಗಬೇಕಿತ್ತು.

ಆ ಮರದ ಬಾಗಿಲು ಕುರಿಹಟ್ಟಿಗೆ ಬಂತು, ಚೆನ್ನಾಗಿಯೇ ಬಂತು. ಹಟ್ಟಿಗೆ ಆಳೆತ್ತರದ ಗೋಡೆ. ಮಾವ ಕುರಿಗಳ ಜೊತೆ ಒಳಗೇ ಮಲಗುತ್ತಿದ್ದದ್ದರಿಂದ ಬಡಗಿ ಅಗಳಿಯನ್ನು ಒಳಗಡೆಗೆ ಇಟ್ಟಿದ್ದ. ಬಾಗಿಲು ಕೂರಿಸುವಾಗ ಅತ್ತೆ ನನ್ನ ಕೈಯಿಂದಲೇ ಅರಿಶಿನ ಹಚ್ಚಿಸಿದಳು. ಹಚ್ಚಿದೆ.

ಮರುದಿನ ಬೆಳಿಗ್ಗೆ ಮಾವ ಕುರಿ ಹೊಡೆದುಕೊಂಡು ಹೋದರು. ಹಟ್ಟಿಯ ಹಿಕ್ಕೆ ಗುಡಿಸುವುದು ನನ್ನ ಕೆಲಸ. ಪೊರಕೆ ಹಿಡಿದು ಒಳಗೆ ಹೋದೆ. ಬಾಗಿಲು ಮುಚ್ಚಿ ಅಗಳಿ ಎಳೆದೆ. ಸ್ವಲ್ಪ ಹೊತ್ತಿಗೆ ಹೊರಗಿನಿಂದ ಅತ್ತೆ ಕೂಗಿದಳು.

"ಬಾಗಲ ಯಾಕ ಹಾಕಿದಿ?"

"ಕಸ ಹೊಡಿಯಾಕತ್ತೀನಿ ಅತ್ತಿ."

"ಕಸ ಹೊಡಿಯಾಕ ಬಾಗಲ ಯಾಕ?"

"ಗಾಳಿ ಬಾಳ ಐತಿ."

ಎಲೆಯೂ ಅಲ್ಲಾಡುತ್ತಿರಲಿಲ್ಲ. ಪೊರಕೆಯನ್ನು ಗೋಡೆಗೆ ಒರಗಿಸಿ, ಹಿಕ್ಕೆಯ ಮೇಲೆಯೇ ಕಾಲು ಚಾಚಿ ಕುಳಿತೆ.